ಗಾಜಿನ ತೊಟ್ಟಿಯ ಅಲೆಗೊಂದು ಲಗಾಮು

ಕನಕದಾಸರ ಕಾಗಿನೆಲೆಗೆ ಬಂದವರು ಆದಿಕೇಶವನ ಗುಡಿ, ಕನಕರ ಗದ್ದುಗೆ ನೋಡಿ ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದುಂಟು. ಮುಂಗಾರಿನ ಗಾಳಿ ಬೀಸುವ ದಿನಗಳಲ್ಲಿ ಕೆರೆಯ ನೀರು ಸುಮ್ಮನಿರುವುದಿಲ್ಲ. ಸಾಲು ಸಾಲಾಗಿ ಅಲೆ ಎದ್ದು ದಂಡೆಯ ಕಲ್ಲಿಗೆ ಬಡಿಯುತ್ತದೆ. ನೋಡುವವರಿಗೆ ಅದು ಚೆಂದ. ನೀರಿನೊಳಗಿನ ಮೀನಿಗೆ ಅದು ಉಸಿರು. ಅಲೆ ಎದ್ದಷ್ಟೂ ನೀರಿನ ಮೇಲ್ಮೈ ಮುರಿಯುತ್ತದೆ, ಮೇಲ್ಮೈ ಮುರಿದಷ್ಟೂ ಗಾಳಿಯ ಆಮ್ಲಜನಕ ನೀರಿಗೆ ಇಳಿಯುತ್ತದೆ, ಮೀನು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ.

ಮನೆಯ ಪಡಸಾಲೆಯಲ್ಲಿಟ್ಟ ಗಾಜಿನ ತೊಟ್ಟಿಗೆ ಬೀಸುವ ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಅಲೆ ಎಬ್ಬಿಸುವ ಪಂಪು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಗಾಜಿಗೆ ರಬ್ಬರ್ ಬಟ್ಟಲಿನಿಂದಲೋ ಅಯಸ್ಕಾಂತದಿಂದಲೋ ಅಂಟಿಕೊಳ್ಳುತ್ತದೆ, ಪ್ಲಗ್ ಹಾಕಿದರೆ ಗುಂಯ್ ಎನ್ನುತ್ತಾ ನೀರನ್ನು ತಳ್ಳುತ್ತದೆ. ಮಕ್ಕಳ ಹಟಕ್ಕೆ ಮಣಿದು ತೊಟ್ಟಿ ತಂದ ಅಪ್ಪ ಅಮ್ಮಂದಿರು ಅಂಗಡಿಯವನು ಕೊಟ್ಟ ಪಂಪನ್ನೂ ತರುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಪಂಪಿನ ರಭಸಕ್ಕೆ ಮೀನುಗಳು ಒಂದು ಮೂಲೆಗೆ ಹೋಗಿ ಸೇರಿಕೊಳ್ಳುತ್ತವೆ. ಪಂಪು ನಿಲ್ಲಿಸಿದರೆ ಬೇಸಿಗೆಯಲ್ಲಿ ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಹಾಗಾದರೆ ಪಂಪಿನ ವೇಗವನ್ನು ಕಡಿಮೆ ಮಾಡುವುದು ಹೇಗೆ?

ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲು ಹೊಳೆಯುವುದು ಫ್ಯಾನಿನ ರೆಗ್ಯುಲೇಟರು. ಅದು ಕೆಲಸ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ ಎಂಬುದರಲ್ಲಿ ವಿದ್ಯುತ್ ಮೋಟರಿನ ಅರ್ಧ ಪಾಠವೇ ಅಡಗಿದೆ.

ಅಲೆ ಯಾರಿಗೆ ಬೇಕು?

ಈ ಪಂಪುಗಳು ಮೂಲತಃ ಸಿಹಿನೀರಿನ ಮೀನಿಗಾಗಿ ಹುಟ್ಟಿದವಲ್ಲ. ಸಮುದ್ರದ ಹವಳಕ್ಕಾಗಿ ಹುಟ್ಟಿದವು. ಹವಳದ ಜೀವಿ ಇದ್ದಲ್ಲೇ ನೆಟ್ಟಗೆ ಕೂತಿರುತ್ತದೆ. ಆಹಾರ, ಆಮ್ಲಜನಕ ಎರಡನ್ನೂ ನೀರೇ ಹೊತ್ತು ತಂದು ಕೊಡಬೇಕು, ಹೊಲಸನ್ನೂ ನೀರೇ ಹೊತ್ತೊಯ್ಯಬೇಕು. ಅದೂ ಒಂದೇ ದಿಕ್ಕಿನಿಂದ ಬರುವ ಹರಿವು ಸಾಲದು, ಕಡಲಿನಂತೆ ಹೋಗಿ ಬರುವ ಅಲೆಯೇ ಆಗಬೇಕು. ವಿದೇಶಗಳಲ್ಲಿ ಹವಳ ಸಾಕುವ ಹವ್ಯಾಸಿಗಳಿಗಾಗಿ ತಯಾರಾದ ಪಂಪು ನಮ್ಮ ಊರಿನ ಗೋಲ್ಡ್‌ಫಿಶ್ ತೊಟ್ಟಿಗೆ ಬಂದು ಕೂತಿದೆ. ನಮ್ಮಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಆದರೆ 2001ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿ, ಅಂದರೆ ಹುಲಿಯ ಸಾಲಿನಲ್ಲಿ, ಸೇರಿವೆ. ಕಡಲಿನಿಂದ ಕಿತ್ತು ತಂದು ಮನೆಯಲ್ಲಿ ಸಾಕುವ ಮಾತೇ ಇಲ್ಲ.

ಸಿಹಿನೀರಿನ ಮೀನುಗಳಲ್ಲಿ ಒಂದೊಂದರದು ಒಂದೊಂದು ರುಚಿ. ಥಾಯ್ಲೆಂಡಿನ ಗದ್ದೆ, ಹೊಂಡಗಳ ಮೂಲದ ಫೈಟರ್ ಮೀನಿಗೆ ನಿಂತ ನೀರೇ ಹಿತ. ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ರಭಸದ ನೀರಿನಲ್ಲಿ ಅದರ ಉದ್ದನೆಯ ರೆಕ್ಕೆ ಹರಿದುಹೋಗುತ್ತದೆ. ಉಬ್ಬಿದ ಹೊಟ್ಟೆಯ ಗೋಲ್ಡ್‌ಫಿಶ್‌ಗೂ ಈಜು ಕಷ್ಟ. ಅದೇ ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹಳ್ಳಗಳಲ್ಲಿ ಹುಟ್ಟಿದ, ಪೇಟೆಯಲ್ಲಿ ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪು ಗೆರೆಯ ಮೀನಿಗೆ ಹರಿಯುವ ನೀರು ಬೇಕು. ಅಲಂಕಾರದ ಮೀನಿನ ವ್ಯಾಪಾರಕ್ಕೆ ಸಿಕ್ಕಿ ಕಾಡಿನಲ್ಲಿ ಅದರ ಸಂಖ್ಯೆ ಕುಗ್ಗಿದೆ ಎಂಬುದನ್ನೂ ಇಲ್ಲೇ ಹೇಳಬೇಕು.

ಋತುವಿನ ಲೆಕ್ಕವೂ ಇದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಸೆಕೆ ಹೆಚ್ಚಿದಾಗ ನೀರಿನಲ್ಲಿ ಉಸಿರು ಕಡಿಮೆ, ಮೀನಿಗೆ ಬೇಕಾಗುವ ಉಸಿರು ಹೆಚ್ಚು. ಬ್ಯಾಡಗಿ, ಹಾವೇರಿಯ ಏಪ್ರಿಲ್ ತಿಂಗಳಿಗೂ ಡಿಸೆಂಬರಿಗೂ ಒಂದೇ ವೇಗ ಸಾಲದು. ವೇಗ ಬದಲಾಯಿಸುವ ಆಸೆ ಬರಿಯ ಚಪಲವಲ್ಲ ಎಂಬುದಕ್ಕೆ ಇಷ್ಟು ಸಾಕು.

ರೆಗ್ಯುಲೇಟರಿಗೆ ಬಗ್ಗದ ಮೋಟರು

ಚಾವಣಿಯ ಹಳೆಯ ಫ್ಯಾನಿನಲ್ಲಿರುವುದು ಇಂಡಕ್ಷನ್ ಮೋಟರು. 1888ರಲ್ಲಿ ನಿಕೋಲಾ ಟೆಸ್ಲಾ ಪೇಟೆಂಟ್ ಪಡೆದ ವಿದ್ಯೆ. ಸುರುಳಿಗಳಲ್ಲಿ ವಿದ್ಯುತ್ ಹರಿದಾಗ ಸುತ್ತುವ ಕಾಂತಕ್ಷೇತ್ರವೊಂದು ಏಳುತ್ತದೆ, ನಡುವಿನ ರೋಟರು ಅದರ ಬೆನ್ನು ಹತ್ತಿ ಓಡುತ್ತದೆ. ಆದರೆ ಎಂದೂ ಅದನ್ನು ಪೂರ್ತಿ ಹಿಡಿಯುವುದಿಲ್ಲ, ಸ್ವಲ್ಪ ಹಿಂದೆಯೇ ಇರುತ್ತದೆ. ವೋಲ್ಟೇಜ್ ಇಳಿಸಿದರೆ ಎಳೆತ ಸಡಿಲವಾಗಿ ರೋಟರು ಇನ್ನಷ್ಟು ಹಿಂದೆ ಬೀಳುತ್ತದೆ. ಫ್ಯಾನಿನ ವೇಗ ಇಳಿಯುವುದು ಹೀಗೆ.

ಗಾಜಿನ ತೊಟ್ಟಿಯ ಎ.ಸಿ. ಪಂಪಿನೊಳಗೆ ಇರುವುದೇ ಬೇರೆ. ಅದನ್ನು ಬಿಚ್ಚಿದರೆ ಚಿಕ್ಕ ಬತ್ತಿಯಂಥ ಒಂದು ಅಯಸ್ಕಾಂತ, ಅದರ ತುದಿಗೆ ಪ್ಲಾಸ್ಟಿಕ್ಕಿನ ರೆಕ್ಕೆ, ನಡುವೆ ಪಿಂಗಾಣಿಯ ಸಣ್ಣ ಕಡ್ಡಿ. ಸುರುಳಿಯೆಲ್ಲ ಅಂಟಿನಲ್ಲಿ ಮುಳುಗಿ ಗಟ್ಟಿಯಾಗಿ ಮುಚ್ಚಿಹೋಗಿದೆ. ಸುರುಳಿಗೂ ರೆಕ್ಕೆಗೂ ತಂತಿಯ ನಂಟಿಲ್ಲ, ನಡುವೆ ನೀರೇ ಇದೆ. ಇದು ಸಿಂಕ್ರೊನಸ್ ಮೋಟರು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಎರಡು ಧ್ರುವದ ಅಯಸ್ಕಾಂತ ಪ್ರತಿ ಆವೃತ್ತಿಗೂ ಒಂದು ಸುತ್ತು ಸುತ್ತಲೇಬೇಕು. ಅಂದರೆ ಸೆಕೆಂಡಿಗೆ 50, ನಿಮಿಷಕ್ಕೆ 3000 ಸುತ್ತು. ಒಂದು ಸುತ್ತು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಗ್ಗದಾಟದ ಲೆಕ್ಕದಲ್ಲಿ ನೋಡಿದರೆ ಇದು ಸುಲಭ. ಇಬ್ಬರು ಹುಡುಗಿಯರು ಹಗ್ಗ ತಿರುವುತ್ತಿದ್ದಾರೆ, ನಡುವೆ ಒಬ್ಬಳು ಜಿಗಿಯುತ್ತಿದ್ದಾಳೆ. ಜಿಗಿಯುವವಳು ಸುಸ್ತಾದಳೆಂದು ನಿಧಾನವಾಗಿ ಜಿಗಿಯುವಂತಿಲ್ಲ. ಹಗ್ಗದ ಲಯಕ್ಕೇ ಜಿಗಿಯಬೇಕು, ಆಗದಿದ್ದರೆ ಕಾಲಿಗೆ ಸಿಕ್ಕಿ ಆಟ ನಿಲ್ಲುತ್ತದೆ. ರೆಗ್ಯುಲೇಟರ್ ತಿರುವಿ ವೋಲ್ಟೇಜ್ ಇಳಿಸಿದರೆ ಪಂಪಿನ ಕಸುವು ಇಳಿಯುತ್ತದೆಯೇ ಹೊರತು ಲಯ ಬದಲಾಗುವುದಿಲ್ಲ. ಒಂದು ಹಂತದವರೆಗೆ ಅದೇ 3000 ಸುತ್ತು. ಆಮೇಲೆ ಅಯಸ್ಕಾಂತ ಲಯ ತಪ್ಪಿ ನಿಂತಲ್ಲೇ ನಡುಗುತ್ತದೆ, ಸುರುಳಿ ಬಿಸಿಯಾಗುತ್ತದೆ. ತೊಟ್ಟಿಯಿಂದ ಕಟಕಟ ಸದ್ದು ಬಂದರೆ ಅದೇ.

ಈ ಜಾತಿಯ ಪಂಪಿಗೆ ಇನ್ನೊಂದು ವಿಚಿತ್ರ ಗುಣವಿದೆ. ಯಾವ ದಿಕ್ಕಿಗೆ ತಿರುಗಬೇಕೆಂದು ಅದಕ್ಕೇ ಗೊತ್ತಿಲ್ಲ! ಪ್ಲಗ್ ಹಾಕಿದ ಗಳಿಗೆಯಲ್ಲಿ ಅಯಸ್ಕಾಂತ ಹೇಗೆ ಕೂತಿತ್ತೋ ಅದರ ಮೇಲೆ ಎಡಕ್ಕೋ ಬಲಕ್ಕೋ ಹೊರಡುತ್ತದೆ. ಅದಕ್ಕೇ ಅನೇಕ ಪಂಪುಗಳ ರೆಕ್ಕೆ ಬಾಗಿರದೆ ನೇರವಾಗಿರುತ್ತದೆ, ಯಾವ ಕಡೆ ತಿರುಗಿದರೂ ನೀರು ಹೋಗುತ್ತದೆ. ಅಯಸ್ಕಾಂತಕ್ಕೂ ರೆಕ್ಕೆಗೂ ನಡುವೆ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಅಯಸ್ಕಾಂತ ಮೊದಲು ಒಬ್ಬನೇ ಓಡಿ ವೇಗ ಹಿಡಿದು, ಆಮೇಲೆ ರೆಕ್ಕೆಯ ಭಾರ ಹೊರುತ್ತದೆ. ರೆಕ್ಕೆ ಸಡಿಲವಾಗಿದೆ ಎಂದು ಅಂಟು ಹಾಕಿ ಬಿಗಿ ಮಾಡಿದ ಪಂಪು ಮತ್ತೆ ಹೊರಡದಿದ್ದರೆ ಆಶ್ಚರ್ಯವಿಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಒಂದೇ ಲಯದಲ್ಲಿ ಸೇರಿತು. ಅಂದಿನಿಂದ ಕಾಗಿನೆಲೆಯ ತೊಟ್ಟಿಯಲ್ಲಿ ತಿರುಗುವ ಸಿಂಕ್ರೊನಸ್ ಪಂಪೂ ದಿಲ್ಲಿಯ ತೊಟ್ಟಿಯದೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿವೆ.

ಬುಡಬುಡನೆ ಗುಳ್ಳೆ ಬಿಡುವ ಗಾಳಿಯ ಪಂಪಿನ ಕಥೆ ಬೇರೆ, ಗೊಂದಲ ಬೇಡ. ಅದರಲ್ಲಿ ಅಯಸ್ಕಾಂತವಿರುವ ಒಂದು ತೋಳು ಸೆಕೆಂಡಿಗೆ 50 ಸಲ ಅತ್ತಿತ್ತ ಬಡಿದು ರಬ್ಬರ್ ಬುರುಡೆಯನ್ನು ಒತ್ತುತ್ತದೆ. ವೋಲ್ಟೇಜ್ ಇಳಿಸಿದರೆ ಬಡಿತದ ಸಂಖ್ಯೆ ಅಷ್ಟೇ ಇದ್ದು ಬಡಿತದ ಹರವು ಚಿಕ್ಕದಾಗುತ್ತದೆ. ಆದ್ದರಿಂದಲೇ ಕೆಲವು ಗಾಳಿಯ ಪಂಪಿಗೆ ಗುಂಡಿ ತಿರುವುವ ಅನುಕೂಲ ಇದೆ.

ಹಾಗಾದರೆ ದಾರಿ ಯಾವುದು?

ಎ.ಸಿ. ಪಂಪನ್ನೇ ಇಟ್ಟುಕೊಳ್ಳುವವರಿಗೆ ಅತಿ ಸರಳ ಉಪಾಯ, ನೀರು ಹೊರಬರುವ ಬಾಯಿಗೆ ಕಿರಿದಾದ ಕೊಳವೆಯನ್ನೋ ಕವಾಟವನ್ನೋ ಹಾಕುವುದು. ಹೊರಬಾಯಿಯನ್ನು ಒತ್ತಬೇಕು, ಒಳಬಾಯಿಯನ್ನು ಅಲ್ಲ. ಒಳಬಾಯಿ ಕಟ್ಟಿದರೆ ಪಂಪು ನೀರಿಲ್ಲದೆ ಒದ್ದಾಡುತ್ತದೆ. ಇನ್ನೊಂದು ಉಪಾಯ, ಎರಡು ಪಂಪುಗಳನ್ನು ಎದುರುಬದುರು ಕೂರಿಸಿ ಟೈಮರಿನಿಂದ ಒಂದಾದ ಮೇಲೊಂದನ್ನು ಓಡಿಸುವುದು. ಅಲೆ ಚೆನ್ನಾಗಿಯೇ ಬರುತ್ತದೆ. ಆದರೆ ಪ್ರತಿ ಸಲ ಶುರುವಾದಾಗಲೂ ಅಯಸ್ಕಾಂತ ಧಡ್ ಎಂದು ರೆಕ್ಕೆಗೆ ಗುದ್ದುತ್ತದೆ. ದಿನಕ್ಕೆ ಸಾವಿರಾರು ಗುದ್ದು ತಿಂದ ಪ್ಲಾಸ್ಟಿಕ್ಕು ಎಷ್ಟು ದಿನ ಬಾಳೀತು?

ನಿಜವಾದ ವೇಗದ ಹಿಡಿತ ಬೇಕಾದರೆ ಹಗ್ಗ ತಿರುವುವವರನ್ನೇ ನಿಧಾನ ಮಾಡಬೇಕು. ಅಂದರೆ ವಿದ್ಯುತ್ತಿನ ಆವೃತ್ತಿಯನ್ನೇ ಬದಲಿಸಬೇಕು. ಮಾರುಕಟ್ಟೆಗೆ ಈಚೆಗೆ ಬಂದಿರುವ ಡಿ.ಸಿ. ಅಲೆಪಂಪು ಮಾಡುವುದು ಅದನ್ನೇ. ಅದರ ಹೊಟ್ಟೆಯಲ್ಲೂ ಅಯಸ್ಕಾಂತವೇ ಇದೆ. ಆದರೆ ಸುರುಳಿಗಳು ಮೂರು ಗುಂಪು. 12 ಅಥವಾ 24 ವೋಲ್ಟಿನ ನೇರ ವಿದ್ಯುತ್ತನ್ನು ಆರು ಟ್ರಾನ್ಸಿಸ್ಟರುಗಳು ತುಂಡು ಮಾಡಿ ಸರದಿಯಂತೆ ಈ ಸುರುಳಿಗಳಿಗೆ ಬಡಿಸುತ್ತವೆ. ಅಯಸ್ಕಾಂತ ಈಗ ಎಲ್ಲಿದೆ ಎಂದು ಒಂದು ಪುಟ್ಟ ಸಂವೇದಕವೋ, ಸುರುಳಿಯಲ್ಲೇ ಹುಟ್ಟುವ ಹಿಮ್ಮುಖ ವೋಲ್ಟೇಜೋ ಹೇಳುತ್ತದೆ. ಮೈಕ್ರೊಕಂಟ್ರೋಲರ್ ಎಂಬ ಚಿಪ್ಪು ತಾಳ ಹಾಕುವ ಮೇಳದವನಂತೆ ಕೂತು ನಿಧಾನ ಎಂದರೆ ನಿಧಾನ, ಜೋರು ಎಂದರೆ ಜೋರು. ಬ್ರಷ್ ಇಲ್ಲದ ಈ ಡಿ.ಸಿ. ಮೋಟರೇ ಈಗ ‘ಬಿ.ಎಲ್.ಡಿ.ಸಿ.’ ಎಂಬ ಹೆಸರಿನಲ್ಲಿ ಚಾವಣಿಯ ಫ್ಯಾನಿಗೂ ಬಂದಿದೆ. ಹಳೆಯ ಫ್ಯಾನು 70–75 ವಾಟ್ ತಿನ್ನುವಲ್ಲಿ ಇದು ಸುಮಾರು 30 ವಾಟ್‌ನಲ್ಲಿ ಮುಗಿಸುತ್ತದೆ.

ಹಾಗೆಂದು ಯಾವ ಡಿ.ಸಿ. ಪಂಪಿಗೂ ಯಾವ ವೇಗವೂ ಸಿಗುತ್ತದೆ ಎಂದಲ್ಲ. ಸುಮಾರು 30 ಪ್ರತಿಶತಕ್ಕಿಂತ ಕೆಳಗೆ ಅನೇಕ ಪಂಪುಗಳು ತಡವರಿಸುತ್ತವೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ನೀರಿನ ಆಳದ ತೊಟ್ಟಿಯಲ್ಲಿ ಇರುವುದು 54 ಲೀಟರ್ ನೀರು. ಗಂಟೆಗೆ ಅದರ ಹತ್ತು ಪಟ್ಟು, ಅಂದರೆ 540 ಲೀಟರ್ ಸುತ್ತಾಡಿದರೆ ಸಾಮಾನ್ಯ ಸಿಹಿನೀರಿನ ಮೀನಿಗೆ ಧಾರಾಳ. ಅಂಗಡಿಯವನು 3000 ಲೀಟರಿನ ಪಂಪು ಕೊಟ್ಟರೆ ಅದನ್ನು 18 ಪ್ರತಿಶತಕ್ಕೆ ಇಳಿಸಬೇಕಾಗುತ್ತದೆ, ಅದು ಆಗದ ಮಾತು. ಲಗಾಮು ಹುಡುಕುವ ಮೊದಲು ಕುದುರೆಯ ಗಾತ್ರ ನೋಡುವುದು ಜಾಣತನ, ದುಡ್ಡೂ ಉಳಿಯುತ್ತದೆ.

ತುಳುಕುವ ಕೊಡದ ಲೆಕ್ಕ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯ ಹಿಂದೆ ಭೌತಶಾಸ್ತ್ರವೂ ಇದೆ. ಅರೆಕೊಡದ ನೀರಿಗೆ ಅತ್ತಿತ್ತ ತೂಗಲು ತನ್ನದೇ ಒಂದು ಕಾಲ ಇರುತ್ತದೆ. ಹೊತ್ತವರ ಹೆಜ್ಜೆ ಆ ಕಾಲಕ್ಕೆ ಹೊಂದಿಬಿಟ್ಟರೆ ನೀರು ಹೆಜ್ಜೆ ಹೆಜ್ಜೆಗೂ ಏರಿ ಹೊರಗೆ ಚೆಲ್ಲುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಗೆ ತಳ್ಳಿದ ಹಾಗೆ.

ಗಾಜಿನ ತೊಟ್ಟಿಗೂ ಇದೇ ನಿಯಮ. ಮೇಲೆ ಹೇಳಿದ 60 ಸೆಂಟಿಮೀಟರ್ ತೊಟ್ಟಿಯ ನೀರು ಒಂದು ಸಲ ಅತ್ತ ಹೋಗಿ ಇತ್ತ ಬರಲು ಸುಮಾರು 0.9 ಸೆಕೆಂಡ್ ಹಿಡಿಯುತ್ತದೆ. ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಸುಮಾರು 1.2 ಸೆಕೆಂಡ್. ಪಂಪನ್ನು ಇದೇ ಅಂತರದಲ್ಲಿ ಜೋರು–ನಿಧಾನ, ಜೋರು–ನಿಧಾನ ಎಂದು ಓಡಿಸಿದರೆ ಪುಟ್ಟ ಪಂಪೂ ದೊಡ್ಡ ಅಲೆ ಎಬ್ಬಿಸಬಲ್ಲದು. ಒಳ್ಳೆಯ ನಿಯಂತ್ರಕಗಳಲ್ಲಿ ಈ ಕಾಲವನ್ನು ತಿರುವಿ ಹೊಂದಿಸುವ ಗುಂಡಿಯೇ ಇರುತ್ತದೆ. ನೋಡಲು ಇದು ಮೋಜು, ಆದರೆ 54 ಕಿಲೋ ನೀರು ದಿನವಿಡೀ ಗಾಜಿನ ಎರಡು ತುದಿಗೆ ಗುದ್ದುತ್ತಿದ್ದರೆ ಅಂಚಿನ ಸಿಲಿಕೋನ್ ಅಂಟಿಗೆ ಒಳ್ಳೆಯದಲ್ಲ. ಅಲೆಯ ಎತ್ತರ ಒಂದೆರಡು ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳುವುದು ಕ್ಷೇಮ.

ತೊಟ್ಟಿಯಿಂದ ಹೊಲಕ್ಕೆ

ಪುಟ್ಟ ಪಂಪಿಗೆ ಅನ್ವಯಿಸುವ ಲೆಕ್ಕವೇ ಹೊಲದ ಬೋರಿನ ಪಂಪಿಗೂ ಅನ್ವಯಿಸುತ್ತದೆ. ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಪಂಪ್‌ಸೆಟ್ಟಿನ ಚಿಂತೆ ಇಲ್ಲದ ಮನೆ ಕಡಿಮೆ. ಆದ್ದರಿಂದ ವಿದ್ಯಾರ್ಥಿಗಳು ಈ ಮೂರು ಸೂತ್ರ ನೆನಪಿಟ್ಟರೆ ಮನೆಯವರಿಗೂ ಉಪಯೋಗ. ಪಂಪಿನ ವೇಗ ಅರ್ಧಕ್ಕೆ ಇಳಿದರೆ ನೀರಿನ ಪ್ರಮಾಣ ಅರ್ಧವಾಗುತ್ತದೆ. ನೀರನ್ನು ಎತ್ತುವ ಎತ್ತರ ಕಾಲು ಭಾಗವಾಗುತ್ತದೆ. ಬೇಕಾಗುವ ಶಕ್ತಿ ಎಂಟನೇ ಒಂದು ಭಾಗ ಮಾತ್ರ. ತೊಟ್ಟಿಯಲ್ಲಿ 16 ವಾಟ್ ತಿನ್ನುವ ಪಂಪು ಅರ್ಧ ವೇಗದಲ್ಲಿ ಲೆಕ್ಕದ ಪ್ರಕಾರ 2 ವಾಟ್ ತಿನ್ನಬೇಕು. ತಿಕ್ಕಾಟ, ಎಲೆಕ್ಟ್ರಾನಿಕ್ಸ್ ನಷ್ಟ ಸೇರಿ ಸ್ವಲ್ಪ ಹೆಚ್ಚು ತಿನ್ನುತ್ತದೆ ಅಷ್ಟೆ.

ತೊಟ್ಟಿಯೊಳಗೆ ನೀರನ್ನು ಎತ್ತುವ ಕೆಲಸವಿಲ್ಲ, ಬರಿಯ ತಳ್ಳುವ ಕೆಲಸ. ಬೋರಿನಲ್ಲಿ ಹಾಗಲ್ಲ. ಪೂರ್ಣ ವೇಗದಲ್ಲಿ ಹೆಚ್ಚೆಂದರೆ 100 ಮೀಟರ್ ಎತ್ತಬಲ್ಲ ಪಂಪು 60 ಮೀಟರ್ ಆಳದ ನೀರಿಗೆ ಇಳಿದಿದೆ ಎನ್ನಿ. 0.6ರ ವರ್ಗಮೂಲ ತೆಗೆದರೆ ಸುಮಾರು 0.77 ಬರುತ್ತದೆ. ಅಂದರೆ ವೇಗ 77 ಪ್ರತಿಶತಕ್ಕಿಂತ ಕೆಳಗಿದ್ದರೆ ಮೋಟರು ತಿರುಗುತ್ತದೆ, ಪೈಪಿನ ಬಾಯಲ್ಲಿ ಒಂದು ಹನಿಯೂ ಬರುವುದಿಲ್ಲ. ಸೌರಪಂಪು ಹಾಕಿಸಿದ ರೈತರು ಬೆಳಿಗ್ಗೆ ಏಳು ಗಂಟೆಗೆ ನಿಯಂತ್ರಕದ ಪರದೆಯ ಮೇಲೆ ಅಂಕಿ ಓಡುವುದನ್ನು ನೋಡಿ, ಮೋಟರು ನಡೀತದ, ನೀರು ಯಾಕ ಬರವಲ್ದು ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ. ಬ್ಯಾಟರಿ ಇಲ್ಲದ ಸೌರಪಂಪಿನ ನಿಯಂತ್ರಕ ಬಿಸಿಲು ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಆವೃತ್ತಿಯನ್ನು ಏರಿಸುತ್ತಾ ಹೋಗುತ್ತದೆ. ಈ ಉದಾಹರಣೆಯಲ್ಲಿ ಅದು 39 ಹರ್ಟ್ಸ್ ದಾಟುವವರೆಗೆ ಕಾಯಲೇಬೇಕು.

ಆವೃತ್ತಿ ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ತ್ರೀ ಫೇಸ್ ಮೋಟರಿಗೆ 50 ಹರ್ಟ್ಸ್‌ನಲ್ಲಿ 415 ವೋಲ್ಟ್ ಕೊಟ್ಟರೆ 25 ಹರ್ಟ್ಸ್‌ನಲ್ಲಿ ಸುಮಾರು 207. ವೋಲ್ಟೇಜ್ ಹಾಗೇ ಉಳಿಸಿ ಆವೃತ್ತಿಯನ್ನಷ್ಟೇ ಇಳಿಸಿದರೆ ಕಬ್ಬಿಣದ ತಿರುಳು ಕಾಂತತೆಯಿಂದ ತುಂಬಿಹೋಗಿ ಕರೆಂಟು ಮಿತಿಮೀರಿ ಹರಿಯುತ್ತದೆ, ಮೋಟರು ಸುಟ್ಟು ರಿವೈಂಡಿಂಗ್ ಅಂಗಡಿಯ ದಾರಿ ಹಿಡಿಯುತ್ತದೆ. ಈ ಹೊಂದಾಣಿಕೆಯ ವಿದ್ಯೆ ನಮ್ಮ ನಾಡಿನಲ್ಲೂ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಗೋಪಕುಮಾರ್ ಅವರ ಬಳಗ ಇಂಡಕ್ಷನ್ ಮೋಟರುಗಳ ವೇಗವನ್ನು ಸದ್ದು, ನಡುಕ ಕಡಿಮೆ ಇರುವಂತೆ ಹಿಡಿತದಲ್ಲಿಡುವ ಇನ್‌ವರ್ಟರುಗಳ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದೆ. 2011ರಲ್ಲಿ ಓಡಲು ಶುರುವಾದ ಬೆಂಗಳೂರು ಮೆಟ್ರೊ ರೈಲು ಜರ್ಕ್ ಇಲ್ಲದೆ ಹೊರಡುವುದೂ ವೋಲ್ಟೇಜ್, ಆವೃತ್ತಿಗಳನ್ನು ಜೊತೆಜೊತೆಗೇ ಏರಿಸುವುದರಿಂದ.

ಶಾಲೆಯ ಮೇಜಿನ ಮೇಲೆ

ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನು ಮಾಡುವುದೆಂದು ಯೋಚಿಸುವ ಹುಡುಗ ಹುಡುಗಿಯರಿಗೆ ಇದರಲ್ಲಿ ಒಳ್ಳೆಯ ಪ್ರಯೋಗವಿದೆ. ಬೇಕಾದದ್ದು 12 ವೋಲ್ಟಿನ ಬ್ರಷ್ ಇಲ್ಲದ ಪುಟ್ಟ ಪಂಪು, ವೋಲ್ಟೇಜ್ ಏರಿಳಿಸುವ ಚಿಕ್ಕ ಡಿ.ಸಿ. ಪರಿವರ್ತಕ, ಮಲ್ಟಿಮೀಟರ್, ಎರಡು ಬಕೆಟ್, ಒಂದು ಲೀಟರಿನ ಅಳತೆ ಪಾತ್ರೆ, ಗಡಿಯಾರ. ವೋಲ್ಟೇಜನ್ನು 7, 8, 9 ಎಂದು 12ರವರೆಗೆ ಏರಿಸುತ್ತಾ ಪ್ರತಿ ಸಲ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಬರೆದುಕೊಳ್ಳಬೇಕು. ಕರೆಂಟನ್ನೂ ಅಳೆದು ವೋಲ್ಟೇಜಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ. ಮೊದಲು ಪೈಪಿನ ಬಾಯಿ ಬಕೆಟ್ಟಿನ ಮಟ್ಟಕ್ಕೇ ಇರಲಿ, ಆಮೇಲೆ ಅರ್ಧ ಮೀಟರ್, ಒಂದು ಮೀಟರ್ ಎತ್ತರಿಸಿ ಮತ್ತೆ ಅಳೆಯಲಿ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದರೆ, ಎತ್ತರಿಸಿದ ಪೈಪಿನ ಗೆರೆ ಸೊನ್ನೆಯಿಂದ ಶುರುವಾಗದೆ ಬಲಕ್ಕೆ ಸರಿದು ಶುರುವಾಗುವುದು ಕಾಣುತ್ತದೆ. ಬೆಳಗಿನ ಸೌರಪಂಪಿನ ಗುಟ್ಟು ಆ ಗೆರೆಯಲ್ಲೇ ಇದೆ.

ಇಲ್ಲೊಂದು ಎಚ್ಚರ ಬೇಕು. ಒಳಗೇ ಚಿಪ್ಪು ಇರುವ ಎರಡು ತಂತಿಯ ಪಂಪಿಗೆ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕತ್ತರಿಸಿ ಕೊಟ್ಟರೆ ಆ ಚಿಪ್ಪು ಪ್ರತಿ ಸಲ ನಿದ್ದೆಯಿಂದ ಎದ್ದಂತೆ ಗಲಿಬಿಲಿಗೊಳ್ಳುತ್ತದೆ. ಅಂಥದಕ್ಕೆ ಏರಿಳಿತವಿಲ್ಲದ ನಯವಾದ ವೋಲ್ಟೇಜೇ ಬೇಕು. ಕತ್ತರಿಸಿ ನಿಯಂತ್ರಿಸುವ ವಿಧಾನ ಬೇಕಿದ್ದರೆ ವೇಗದ ಆಜ್ಞೆಗೆಂದೇ ಪ್ರತ್ಯೇಕ ತಂತಿ ಇರುವ ಪಂಪನ್ನು ಕೊಳ್ಳಬೇಕು. ಕಂಪ್ಯೂಟರಿನೊಳಗಿನ ನಾಲ್ಕು ತಂತಿಯ ಫ್ಯಾನಿನಲ್ಲಿ ಹೀಗೇ ಇರುತ್ತದೆ. ಅದರ ನಾಲ್ಕನೆಯ ತಂತಿಗೆ ಸೆಕೆಂಡಿಗೆ 25,000 ಮಿಡಿತ ಕಳಿಸುತ್ತಾರೆ, ಕಿವಿಗೆ ಕೇಳದಿರಲಿ ಎಂದು.

ಅಪ್ಪ ಅಮ್ಮಂದಿರು ಗಮನಿಸಬೇಕಾದ್ದು ಇನ್ನೂ ಮುಖ್ಯ. 230 ವೋಲ್ಟಿನ ಪಂಪನ್ನು ಮಕ್ಕಳು ಬಿಚ್ಚಿ ಮಾರ್ಪಡಿಸಕೂಡದು. ಮನೆಯ ವಿದ್ಯುತ್ತಿನ ತುದಿಯ ವೋಲ್ಟೇಜು 325. ಅದನ್ನು ಡಿ.ಸಿ. ಮಾಡುವ ಮಂಡಲದ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಅಷ್ಟು ಉಳಿದಿರಬಹುದು. ಪ್ರಯೋಗವೆಲ್ಲ 12 ವೋಲ್ಟಿನಲ್ಲೇ ಆಗಲಿ, ಅದೂ ಬಿ.ಐ.ಎಸ್. ಗುರುತಿನ ಅಡಾಪ್ಟರಿನಿಂದ. ಅಡಾಪ್ಟರು ತೊಟ್ಟಿಯಿಂದ ದೂರ, ನೀರು ಸಿಡಿಯದ ಕಡೆ ಇರಲಿ. ಸಾಕೆಟ್ಟಿಗೆ ಹೋಗುವ ವೈರು ಮೊದಲು ಕೆಳಗೆ ಜೋತು ಆಮೇಲೆ ಮೇಲೇರಲಿ, ಜಾರಿದ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ. 30 ಮಿಲಿ ಆಂಪಿಯರ್ ಸೋರಿಕೆಗೇ ಕಟ್ಟಾಗುವ ಸ್ವಿಚ್ಚು ಮನೆಯಲ್ಲಿ ಇಲ್ಲದಿದ್ದರೆ ತೊಟ್ಟಿ ತರುವ ಮೊದಲು ಅದನ್ನು ಹಾಕಿಸುವುದು ಒಳ್ಳೆಯದು. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು.

ಕಡೆಯದಾಗಿ ಒಂದು ಸಣ್ಣ ವಿಷಯ. ಸುಣ್ಣದಂಶ ಹೆಚ್ಚಿರುವ ಗಡಸು ಬೋರಿನ ನೀರು ತುಂಬಿದ ತೊಟ್ಟಿಯಲ್ಲಿ ಕೆಲವೇ ತಿಂಗಳಲ್ಲಿ ಪಂಪಿನ ಅಯಸ್ಕಾಂತದ ಮೈಗೆ ಬಿಳಿಯ ಪೊರೆ ಕಟ್ಟುತ್ತದೆ. ಅಲೆ ತಾನಾಗಿಯೇ ಕುಗ್ಗುತ್ತದೆ, ಪಂಪು ಗೊರಗೊರ ಎನ್ನುತ್ತದೆ. ಹೊಸ ಪಂಪು ಕೊಳ್ಳುವ ಮೊದಲು ಪ್ಲಗ್ ಕಿತ್ತು, ಅಯಸ್ಕಾಂತವನ್ನೂ ರೆಕ್ಕೆಯನ್ನೂ ಹೊರತೆಗೆದು ಅರ್ಧ ಗಂಟೆ ನಿಂಬೆರಸ ಬೆರೆಸಿದ ನೀರಿನಲ್ಲೋ ವಿನೆಗರಿನಲ್ಲೋ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ಕೂರಿಸಿ ನೋಡಬೇಕು. ಸೋಪು ಮಾತ್ರ ಹಾಕಬಾರದು, ಮೀನಿಗೆ ಅದು ವಿಷ.